ಕ್ಯಾರಮೆಲ್‌ಗೆ ಸಕ್ಕರೆಯನ್ನು ಎಷ್ಟು ಸುಡಬೇಕು?

‘ಮನೆಯಲ್ಲೇ ರೋಲೋದಂಥ ಚಾಕೊಲೇಟ್ ಮಾಡುವ ಆಸೆ. ಒಳಗಿನ ಕ್ಯಾರಮೆಲ್‌ಗೆ ಸಕ್ಕರೆಯನ್ನು ಎಷ್ಟು ಕಪ್ಪಾಗುವವರೆಗೆ ಸುಡಬೇಕು?’

ಜಯನಗರದಿಂದ ಬಂತು, ಮಲ್ಲೇಶ್ವರದಿಂದ ಬಂತು, ಈಗ ಯಲಹಂಕದಿಂದಲೂ ಇದೇ ಪ್ರಶ್ನೆ ಬಂದಿದೆ. ಸುಡಲೇಬೇಡಿ. ನನ್ನ ಉತ್ತರ ಇಷ್ಟೇ. ಆದರೆ ಇಷ್ಟು ಹೇಳಿದರೆ ಯಾರೂ ನಂಬುವುದಿಲ್ಲ ಎಂಬುದು ಹತ್ತು ವರ್ಷ ಚಾಕೊಲೇಟ್ ತರಗತಿ ನಡೆಸಿದ ನನಗೆ ಗೊತ್ತು.

‘ಕ್ಯಾರಮೆಲ್ ಎಂದರೆ ಸುಟ್ಟ ಸಕ್ಕರೆ’ ಎಂಬ ಮಾತು ಹುಟ್ಟಿದ್ದು ಕಸ್ಟರ್ಡ್ ಪುಡ್ಡಿಂಗಿನಿಂದ. ಅದರ ತಳಕ್ಕೆ ಬರೀ ಸಕ್ಕರೆಯನ್ನು ಕರಗಿಸಿ ಕೆಂಪಗೆ ಮಾಡಿ ಸುರಿಯುತ್ತೇವೆ, ನಿಜ. ಹಾಗೆ ಕೆಂಪಾಗಲು ಸಕ್ಕರೆಗೆ 160 ಡಿಗ್ರಿ ಸೆಲ್ಸಿಯಸ್ ದಾಟಿದ ಕಾವು ಬೇಕು. ಇಂಗ್ಲೆಂಡಿನ ಮ್ಯಾಕಿಂಟಾಷ್ ಕಂಪನಿ 1937ರಲ್ಲಿ ಮಾರುಕಟ್ಟೆಗೆ ತಂದ ರೋಲೋದಂಥ ಮಿಠಾಯಿಯ ಮೆತ್ತನೆಯ ಕ್ಯಾರಮೆಲ್ ಬೇರೆಯೇ ಜಾತಿ. ಸಕ್ಕರೆ, ದ್ರವ ಗ್ಲೂಕೋಸ್, ಹಾಲು, ಕೊಬ್ಬು ಸೇರಿಸಿ ಕುದಿಸುವ ಇಂಥ ಪಾಕ ಸುಮಾರು 118 ಡಿಗ್ರಿಗೆ ಮುಗಿಯುತ್ತದೆ. ಆ ಕಾವಿನಲ್ಲಿ ಸಕ್ಕರೆ ಸುಡುವುದಾದರೂ ಹೇಗೆ?

ತರಗತಿಯಲ್ಲಿ ನಾನು ಎರಡು ಬಾಣಲೆ ಇಡುತ್ತೇನೆ. ಒಂದರಲ್ಲಿ ಸಕ್ಕರೆ, ಗ್ಲೂಕೋಸ್, ನೀರು. ಇನ್ನೊಂದರಲ್ಲಿ ನೀರಿನ ಬದಲು ಹಾಲು. ಎರಡನ್ನೂ ಒಂದೇ ಕಾವಿಗೆ ತಂದು ಇಳಿಸಿದಾಗ ಮೊದಲನೆಯದು ಗಾಜಿನಂತೆ ತಿಳಿಯಾಗಿರುತ್ತದೆ, ಎರಡನೆಯದು ಜೇನಿನ ಬಣ್ಣಕ್ಕೆ ತಿರುಗಿರುತ್ತದೆ. ಆ ಬಣ್ಣವೂ ಘಮವೂ ಹಾಲಿನ ಪ್ರೋಟೀನ್ ಮತ್ತು ಗ್ಲೂಕೋಸ್, ಲ್ಯಾಕ್ಟೋಸಿನಂಥ ಸಕ್ಕರೆಗಳು ಕಾವಿನಲ್ಲಿ ಕೂಡಿದ್ದರಿಂದ ಬಂದವು. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಲೂಯಿ ಕಮೀಲ್ ಮಯಾರ್ ಹೆಸರಿನಲ್ಲೇ ಈ ಕ್ರಿಯೆಯನ್ನು ಕರೆಯುತ್ತಾರೆ. ಧಾರವಾಡ ಪೇಡ ತಿಂದವರಿಗೆ ಇದು ಹೊಸದೇನೂ ಅಲ್ಲ. ಪೇಡ ಕಂದಾಗುವುದು ಖೋವಾ ಹುರಿದು ಹುರಿದು. ಪೇಡಕ್ಕೆ ಸಕ್ಕರೆ ಎಷ್ಟು ಸುಡಬೇಕೆಂದು ಧಾರವಾಡದಲ್ಲಿ ಕೇಳಿ ನೋಡಿ, ನಗುತ್ತಾರೆ.

ಇಷ್ಟೆಲ್ಲ ಕೇಳಿಸಿಕೊಂಡ ಮೇಲೂ ಒಬ್ಬರು ‘ಬಣ್ಣ ಸಾಲದು ಮೇಡಂ’ ಎಂದು ಸಕ್ಕರೆಯನ್ನು ಬೇರೆಯಾಗಿ ಸುಟ್ಟು ಬೆರೆಸಿದರು. ಕಷಾಯದಷ್ಟು ಕಹಿ. ಅಡುಗೆಮನೆಯ ಕಿಟಕಿ ಸಂಜೆಯವರೆಗೂ ತೆರೆದೇ ಇತ್ತು. ಬಣ್ಣ ಗಾಢವಾಗಬೇಕೆಂದರೆ ಉರಿ ತಗ್ಗಿಸಿ, ಇನ್ನೂ ಹತ್ತು ನಿಮಿಷ ಕೈಯಾಡಿಸಿ. ತಾಳ್ಮೆ ಇಲ್ಲದವರು ಅಂಗಡಿಯಲ್ಲಿ ಕೊಳ್ಳುವುದೇ ಮೇಲು.

ಚಾಕೊಲೇಟ್ ಕವಚದ ವಿಷಯದಲ್ಲಿ ಒಂದೇ ಎಚ್ಚರ: ಪಾಕ ಉಗುರುಬೆಚ್ಚಗಾದ ಮೇಲೆಯೇ ಸುರಿಯಿರಿ. ಕೋಕೋ ಬೆಣ್ಣೆ 34 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ.

ಇದಕ್ಕಿಂತ ಮುಖ್ಯವಾದದ್ದೊಂದನ್ನು ಮಾತ್ರ ಯಾರೂ ಕೇಳುವುದಿಲ್ಲ. ಮಂಗಳೂರಿನಲ್ಲಿ ಮೆತ್ತಗೆ ಬರುತ್ತಿದ್ದ ಕ್ಯಾರಮೆಲ್ ಬೆಂಗಳೂರಿಗೆ ಬಂದ ಮೇಲೆ ಕಲ್ಲಾಗುವುದೇಕೆ? ಅದೇ ಪುಸ್ತಕ, ಅದೇ ಥರ್ಮಾಮೀಟರ್. ಕಾರಣ ನಾವು ಕೂತಿರುವ ಎತ್ತರ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ನಮ್ಮಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಕುದಿಯುವ ನೀರಿನಲ್ಲಿ 97 ಕಂಡು ಥರ್ಮಾಮೀಟರನ್ನು ಅಂಗಡಿಗೆ ಹಿಂದಿರುಗಿಸಿದವರೂ ಇದ್ದಾರೆ, ಪಾಪ ಅದರದೇನೂ ತಪ್ಪಿರಲಿಲ್ಲ. ಪಾಕವನ್ನು ಇಲ್ಲಿಯೂ 118ಕ್ಕೆ ಏರಿಸಿದರೆ ಅಷ್ಟರಲ್ಲಿ ಅಗತ್ಯಕ್ಕಿಂತ ಹೆಚ್ಚು ನೀರು ಆವಿಯಾಗಿ ಹೋಗಿರುತ್ತದೆ. ಪುಸ್ತಕದ ಅಂಕಿಯಲ್ಲಿ ಮೂರು ಕಳೆದು 115ಕ್ಕೆ ಇಳಿಸಿ.

ಥರ್ಮಾಮೀಟರ್ ಇಲ್ಲವೇ? ಕಜ್ಜಾಯದ ಪಾಕ ನೋಡುವ ಹಾಗೆಯೇ ನೋಡಿ. ಬಟ್ಟಲಿನ ತಣ್ಣೀರಿಗೆ ಒಂದು ತೊಟ್ಟು ಬಿಟ್ಟರೆ ಬೆರಳಿಗೆ ಉಂಡೆ ಸಿಗಬೇಕು, ಒತ್ತಿದರೆ ಚಪ್ಪಟೆಯಾಗಬೇಕು. ಆ ಉಂಡೆಯನ್ನು ಸ್ಟೀಲ್ ತಟ್ಟೆಗೆ ಹಾಕಿದಾಗ ಟಣ್ ಎಂದರೆ, ಇರುವ ಕಡಲೆಬೀಜ ಹುರಿದುಕೊಳ್ಳಿ, ಚಿಕ್ಕಿ ಮಾಡಿಬಿಡಿ.