ಎಚ್‌ಪಿ ಹುಟ್ಟಿದ್ದು ಲ್ಯಾಬಿನಲ್ಲಲ್ಲ

ಮೋಟಾರಿನ ನೇಮ್‌ಪ್ಲೇಟ್ ಮೇಲೆ ಕಿಲೋವ್ಯಾಟ್ ಜೊತೆಗೆ ಎಚ್‌ಪಿ (ಹಾರ್ಸ್‌ಪವರ್, ಅಂದರೆ ಕುದುರೆಶಕ್ತಿ) ಅಂತ ಬರೆದಿರುವುದನ್ನು ನೋಡಿರುತ್ತೀರಿ. 1 ಎಚ್‌ಪಿ ಅಂದರೆ ಸುಮಾರು 746 ವ್ಯಾಟ್. ಇದನ್ನು ನಾವೆಲ್ಲ ಬಾಯಿಪಾಠ ಮಾಡಿದವರೇ. ಆದರೆ ಈ ಲೆಕ್ಕದೊಳಗೆ ಕುದುರೆ ಹೇಗೆ ಬಂತು ಅಂತ ಕೇಳಿದರೆ ಅನೇಕ ಎಂಜಿನಿಯರುಗಳು ತಡವರಿಸುತ್ತಾರೆ.

ಅದು ವ್ಯಾಪಾರದಿಂದ ಬಂದ ಕುದುರೆ. 1780ರ ದಶಕದಲ್ಲಿ ಜೇಮ್ಸ್ ವಾಟ್ ಮತ್ತು ಅವನ ಪಾಲುದಾರ ಮ್ಯಾಥ್ಯೂ ಬೌಲ್ಟನ್ ತಮ್ಮ ಉಗಿ ಎಂಜಿನ್ನನ್ನು ಗಿರಣಿಗಳಿಗೆ ಮಾರುತ್ತಿದ್ದರು. ಗಿರಣಿ ಮಾಲೀಕನಿಗೆ ಸಿಲಿಂಡರಿನ ಅಳತೆ, ಉಗಿಯ ಒತ್ತಡ ಕಟ್ಟಿಕೊಂಡು ಏನಾಗಬೇಕು? ಅವನ ಹತ್ತಿರ ಚಕ್ರ ತಿರುಗಿಸುವ ಕುದುರೆಗಳಿದ್ದವು. ಈ ಯಂತ್ರ ಎಷ್ಟು ಕುದುರೆಗೆ ಸಮ ಅನ್ನುವುದಷ್ಟೇ ಅವನಿಗೆ ಬೇಕಿದ್ದದ್ದು. ಹಾಗಾಗಿ ವಾಟ್ ಕುದುರೆಯ ಕೆಲಸಕ್ಕೇ ಒಂದು ಲೆಕ್ಕ ಕಟ್ಟಿದ: ನಿಮಿಷಕ್ಕೆ 33,000 ಅಡಿ-ಪೌಂಡ್, ಅಂದರೆ ಒಂದು ನಿಮಿಷದಲ್ಲಿ 33,000 ಪೌಂಡ್ ತೂಕವನ್ನು ಒಂದು ಅಡಿ ಎತ್ತುವಷ್ಟು ಕೆಲಸ. ಸಾಮಾನ್ಯ ಕುದುರೆಯೊಂದು ದಿನವಿಡೀ ಅಷ್ಟು ಕೆಲಸ ಮಾಡಲಾರದು. ಲೆಕ್ಕ ಸ್ವಲ್ಪ ಧಾರಾಳವಾಗಿಯೇ ಇತ್ತು. ಕೊಳ್ಳುವವನಿಗೆ ಅದರಿಂದ ಲಾಭವೇ ಅಲ್ವಾ?

ಉದ್ಯಮಶೀಲತೆ ಅನ್ನುವ ದೊಡ್ಡ ಮಾತು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಈ ಕುದುರೆ. ಕೊಳ್ಳುವವನಿಗೆ ಏನು ಬೇಕು ಅಂತ ಮೊದಲು ನೋಡುವುದೇ ನನ್ನ ಮಟ್ಟಿಗೆ ಉದ್ಯಮಶೀಲತೆ. ಆ ಮಾತು ಬಂದ ಕೂಡಲೇ ನಮ್ಮಲ್ಲಿ ಬಹಳ ಜನ ‘ನಾನೇನು ಕಂಪನಿ ಶುರು ಮಾಡ್ತೀನಾ, ನನಗ್ಯಾಕೆ’ ಅನ್ನುತ್ತಾರೆ. ಕಂಪನಿ ಶುರು ಮಾಡಬೇಕಿಲ್ಲ. ಸಂಬಳಕ್ಕೆ ದುಡಿಯುವ ಎಂಜಿನಿಯರಿಗೇ ಇದು ಜಾಸ್ತಿ ಬೇಕು ಅನ್ನುವುದು ನನ್ನ ಅನುಭವ. ಸ್ವಂತ ಕಂಪನಿ ಮಾಡಿದವನಿಗೆ ಮಾರುಕಟ್ಟೆ ತಾನಾಗಿಯೇ ಪಾಠ ಕಲಿಸುತ್ತದೆ. ಸಂಬಳದವನು ತಪ್ಪು ವಸ್ತುವನ್ನು ಬಹಳ ಚೆನ್ನಾಗಿ ಮಾಡುತ್ತಾ ಹತ್ತು ವರ್ಷ ಕಳೆದುಬಿಡಬಹುದು. ಯಾರೂ ಹೇಳುವುದಿಲ್ಲ.

ವಾಟ್‌ನ ಕಥೆಯನ್ನು ಇನ್ನೊಂದಿಷ್ಟು ಹೇಳಬೇಕು. ಅವನಿಗೆ ಮುಖ್ಯ ಯೋಚನೆ ಹೊಳೆದದ್ದು 1765ರಲ್ಲಿ. ಆಗ ಬಳಕೆಯಲ್ಲಿದ್ದ ನ್ಯೂಕೊಮೆನ್ ಎಂಜಿನ್ನಿನಲ್ಲಿ ಪಿಸ್ಟನ್ನಿನ ಪ್ರತಿ ಹೊಡೆತಕ್ಕೂ (ಸ್ಟ್ರೋಕ್) ಸಿಲಿಂಡರನ್ನು ತಣ್ಣೀರಿನಿಂದ ತಣಿಸಿ, ಮತ್ತೆ ಉಗಿಯಿಂದ ಕಾಯಿಸಬೇಕಿತ್ತು. ಕಲ್ಲಿದ್ದಲೆಲ್ಲ ಇದಕ್ಕೇ ಹೋಗುತ್ತಿತ್ತು. ಉಗಿಯನ್ನು ಬೇರೆ ಪಾತ್ರೆಗೆ ಎಳೆದು ಅಲ್ಲಿ ತಣಿಸಿದರೆ ಸಿಲಿಂಡರ್ ಬಿಸಿಯಾಗಿಯೇ ಉಳಿಯುತ್ತದೆ ಅನ್ನುವುದು ಅವನ ಉಪಾಯ. 1769ರಲ್ಲಿ ಪೇಟೆಂಟ್ ಸಿಕ್ಕಿತು. ಆದರೂ ಎಂಜಿನ್ ಮಾರುಕಟ್ಟೆಗೆ ಬರಲಿಲ್ಲ. ಮೊದಲ ಪಾಲುದಾರ ದಿವಾಳಿಯಾದ. ವಾಟ್ ಹೊಟ್ಟೆಪಾಡಿಗೆ ಸರ್ವೆ ಕೆಲಸ ಮಾಡಿಕೊಂಡಿದ್ದ. 1775ರಲ್ಲಿ ಬೌಲ್ಟನ್ ಕೈಜೋಡಿಸಿದ ಮೇಲೆ ಕೆಲಸ ಓಡಿತು.

ಬೌಲ್ಟನ್ ತಂದದ್ದು ಬರೀ ದುಡ್ಡಲ್ಲ. ಯಾರಿಗೆ ಮಾರಬೇಕು, ಹೇಗೆ ಮಾರಬೇಕು ಅನ್ನುವ ತಿಳಿವಳಿಕೆ ಅವನಿಗಿತ್ತು. ಕಲ್ಲಿದ್ದಲ ಗಣಿಗಳಲ್ಲಿ ಮಾರಾಟವಾಗದ ಪುಡಿ ಇದ್ದಲು ರಾಶಿ ಬಿದ್ದಿರುತ್ತಿತ್ತು. ಅವರಿಗೆ ಇಂಧನ ಉಳಿಸುವ ಎಂಜಿನ್ ಯಾಕೆ? ಹಳೆಯ ನ್ಯೂಕೊಮೆನ್ ಎಂಜಿನ್ ಅಲ್ಲಿ ಮುಂದೆಯೂ ಎಷ್ಟೋ ಕಾಲ ಓಡಿತು. ಆದರೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ತಾಮ್ರ, ತವರದ ಗಣಿಗಳಿದ್ದವು, ಕಲ್ಲಿದ್ದಲು ಇರಲಿಲ್ಲ. ಹಡಗಿನಲ್ಲಿ ತರಿಸಬೇಕಿತ್ತು. ಅದೇ ಯಂತ್ರ, ಒಂದು ಕಡೆ ಬೇಡವಾದದ್ದು ಇನ್ನೊಂದು ಕಡೆ ಪ್ರಾಣ ಉಳಿಸುವಂಥದ್ದು. ಶುಲ್ಕ ಕೂಡ ಹಾಗೇ ಇಟ್ಟರು. ಹಳೆಯ ಎಂಜಿನ್ನಿಗೆ ಹೋಲಿಸಿ ಎಷ್ಟು ಇಂಧನ ಉಳಿಯಿತೋ ಅದರ ಮೂರನೇ ಒಂದು ಭಾಗ ನಮಗೆ ಕೊಡಿ, ಅಷ್ಟೇ. ಹೊಡೆತ ಎಣಿಸಲು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಒಂದು ಕೌಂಟರ್ ಇಟ್ಟರು. ಆ ಕೌಂಟರನ್ನು ನಾನು ಬಹಳ ಮೆಚ್ಚುತ್ತೇನೆ. ಅದೂ ಎಂಜಿನಿಯರಿಂಗೇ, ಆದರೆ ಅದು ಎಣಿಸುತ್ತಿದ್ದದ್ದು ಹಣವನ್ನು. (ಗಣಿ ಮಾಲೀಕರು ಆಮೇಲೆ ಶುಲ್ಕ ಕೊಡಲು ತಕರಾರು ತೆಗೆದರು, ವಿಷಯ ಕೋರ್ಟಿಗೂ ಹೋಯಿತು. ಅದು ಬೇರೆ ಕಥೆ.)

ಈಗ ನನ್ನ ಕಥೆ. ನಾನು ಮಾಡುವುದು ಯಂತ್ರಗಳ ವೈಬ್ರೇಷನ್ ಅಳೆಯುವ ಉಪಕರಣಗಳ ವಿನ್ಯಾಸ. ಯಂತ್ರದ ತಿರುಗುವ ಭಾಗವನ್ನು ಹಿಡಿದಿರುವ ಬೇರಿಂಗ್ ಕೆಡುತ್ತಿದ್ದರೆ ಮೊದಲೇ ಹೇಳಬೇಕು, ಅದು ನಮ್ಮ ಕೆಲಸ. ಒಮ್ಮೆ ನಾವು ಹನ್ನೊಂದು ತಿಂಗಳು ಕೂತು ಸೆನ್ಸರಿನ ಸೂಕ್ಷ್ಮತೆ ಹೆಚ್ಚಿಸಿದೆವು. ಶಬ್ದದಲ್ಲಿ ಮುಳುಗಿಹೋಗುವ ಸಣ್ಣ ಸುಳಿವೂ ಸಿಗುವ ಹಾಗೆ ಮಾಡಿದೆವು. ಹೆಮ್ಮೆಯಿಂದ ಒಂದು ಕಾರ್ಖಾನೆಗೆ ಹೋಗಿ ಗ್ರಾಫ್ ತೋರಿಸಿದೆವು. ಅಲ್ಲಿನ ಮೇಂಟೆನೆನ್ಸ್ ಮುಖ್ಯಸ್ಥರು ಸುಮ್ಮನೆ ಕೇಳಿಸಿಕೊಂಡರು. ಆಮೇಲೆ, ‘ಬೇರಿಂಗ್ ಕೆಟ್ಟಿದೆ ಅಂತ ನನಗೆ ಕಿವಿಯಲ್ಲೇ ಗೊತ್ತಾಗುತ್ತೆ ಸಾರ್. ಭಾನುವಾರ ಶಟ್‌ಡೌನ್ ಇದೆ. ಅಲ್ಲಿವರೆಗೆ ಬಾಳಿಕೆ ಬರುತ್ತಾ ಇಲ್ವಾ, ಅದನ್ನ ಹೇಳಿ’ ಅಂದರು.

ಅದಕ್ಕೆ ನಮ್ಮ ಹತ್ತಿರ ಉತ್ತರವಿರಲಿಲ್ಲ. ಹಳೆಯ ಸೆನ್ಸರಿನ ಅಂಕಿಗಳನ್ನೇ ವಾರಗಟ್ಟಲೆ ಕೂಡಿಟ್ಟು, ಏರಿಕೆಯ ವೇಗ ನೋಡಿದ್ದರೆ ಒಂದು ಅಂದಾಜು ಸಿಗುತ್ತಿತ್ತು. ಅದಕ್ಕೆ ಹನ್ನೊಂದು ತಿಂಗಳು ಬೇಕಿರಲಿಲ್ಲ. ಶುರುವಿನಲ್ಲೇ ಅರ್ಧ ದಿನ ಅವರ ಜೊತೆ ಓಡಾಡಿದ್ದರೆ ಸಾಕಿತ್ತು. ನಾವು ಮಾಡಿದ್ದು ಮೂಗಿಗಿಂತ ಮೂಗುತಿ ಭಾರ ಅನ್ನುವ ಹಾಗಾಯಿತು.

ದೊಡ್ಡವರೂ ಹೀಗೇ ಎಡವಿದ್ದಾರೆ. ಇರಿಡಿಯಂ ಯೋಜನೆಯಲ್ಲಿ 66 ಉಪಗ್ರಹಗಳ ಜಾಲ ಕಟ್ಟಿ, ಭೂಮಿಯ ಯಾವ ಮೂಲೆಯಿಂದಲೂ ಫೋನ್ ಮಾಡುವ ಸೌಲಭ್ಯವನ್ನು 1998ರ ನವೆಂಬರ್‌ನಲ್ಲಿ ಶುರು ಮಾಡಿದರು. ತಂತ್ರಜ್ಞಾನವಾಗಿ ಅದ್ಭುತ. ಆದರೆ ಫೋನ್ ಇಟ್ಟಿಗೆಯಂತೆ ದಪ್ಪ, ಬೆಲೆ ಕೈಗೆಟುಕದ್ದು, ಕಟ್ಟಡದೊಳಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಅಷ್ಟರಲ್ಲಿ ನೆಲದ ಮೇಲಿನ ಮೊಬೈಲ್ ಟವರುಗಳು ಊರೂರಿಗೂ ಬಂದಿದ್ದವು. 1999ರ ಆಗಸ್ಟ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಜಾಲ ಮಾತ್ರ ಕೆಟ್ಟಿರಲಿಲ್ಲ. ಹೊಸ ಮಾಲೀಕರ ಕೈಯಲ್ಲಿ, ನಿಜವಾಗಿ ಅದು ಬೇಕಿದ್ದವರಿಗಾಗಿ ಕೆಲಸ ಮುಂದುವರಿಸಿತು.

ಲೆಕ್ಕ ಕೂಡ ಕಲಿಯಬೇಕು. ದೊಡ್ಡ ಅಕೌಂಟಿಂಗ್ ಏನೂ ಬೇಡ, ಒಂದು ಭಾಗಾಕಾರ ಸಾಕು. ಜೋಡಣೆಯಲ್ಲಿ ಪ್ರತಿ ಯೂನಿಟ್ಟಿಗೆ 6 ನಿಮಿಷ ಉಳಿಸುವ ಹೊಸ ವಿನ್ಯಾಸಕ್ಕೆ 400 ಗಂಟೆ ಬೇಕು ಅಂದುಕೊಳ್ಳಿ. 10 ಯೂನಿಟ್ಟಿಗೆ ಒಂದು ಗಂಟೆ ಉಳಿಯುತ್ತದೆ, ಹಾಗಾಗಿ 4,000 ಯೂನಿಟ್ ಆದ ಮೇಲೆ ಖರ್ಚಾದ ಗಂಟೆಗಳು ವಾಪಸ್ ಬಂದವು. ವರ್ಷಕ್ಕೆ 500 ಮಾತ್ರ ಹೋಗುವ ವಸ್ತುವಾದರೆ ಅದಕ್ಕೆ 8 ವರ್ಷ. ಅಷ್ಟರಲ್ಲಿ ಆ ವಸ್ತುವೇ ಇರುತ್ತದೋ ಇಲ್ಲವೋ. ವಿನ್ಯಾಸಗಾರನ ಒಂದು ಗಂಟೆ ಜೋಡಣೆಯ ಒಂದು ಗಂಟೆಗಿಂತ ದುಬಾರಿಯಾದ್ದರಿಂದ ನಿಜವಾದ ಲೆಕ್ಕ ಇನ್ನೂ ಕೆಟ್ಟದಾಗಿರುತ್ತದೆ.

ಒಂದು ಆಕ್ಷೇಪ ಇದೆ, ಅದು ನ್ಯಾಯವಾದದ್ದೇ. ಎಂಜಿನಿಯರು ದುಡ್ಡಿನ ಲೆಕ್ಕಕ್ಕೆ ಇಳಿದರೆ ಸುರಕ್ಷತೆಗೆ ಕತ್ತರಿ ಬೀಳುತ್ತದೆ ಅನ್ನುತ್ತಾರೆ. ಅಂಥವರನ್ನು ನಾನೂ ನೋಡಿದ್ದೇನೆ. ಆದರೆ ನನಗೆ ಆದದ್ದು ಉಲ್ಟಾ. ಖರ್ಚು ಉಳಿಸಲು ಒಂದು ಬೋರ್ಡಿನಲ್ಲಿ ಸರ್ಜ್ ಪ್ರೊಟೆಕ್ಷನ್ ಭಾಗವನ್ನು (ವಿದ್ಯುತ್ ಒಮ್ಮೆಲೇ ಏರಿದಾಗ ಬೋರ್ಡನ್ನು ಕಾಪಾಡುವಂಥದ್ದು) ತೆಗೆದುಹಾಕಿ ಅಂತ ನಮ್ಮ ಮೇಲಿನವರು ಅಂದರು. ‘ಒಳ್ಳೆಯ ವಿನ್ಯಾಸದಲ್ಲಿ ಇದು ಇರಲೇಬೇಕು’ ಅಂತ ನಾನು ಎರಡು ಮೀಟಿಂಗಿನಲ್ಲಿ ವಾದಿಸಿ ಸೋತೆ. ಮೂರನೇ ಸಲ ವಾರಂಟಿಯಲ್ಲಿ ವಾಪಸ್ ಬಂದ ಬೋರ್ಡುಗಳನ್ನು ಎಣಿಸಿಕೊಂಡು ಹೋದೆ. ಎಷ್ಟು ಸರ್ಜ್‌ನಿಂದ ಸುಟ್ಟದ್ದು, ಒಂದನ್ನು ಬದಲಿಸಲು ಒಬ್ಬ ಮನುಷ್ಯನ ಎಷ್ಟು ಹೊತ್ತು, ಅಷ್ಟು ದುಡ್ಡಿನಲ್ಲಿ ಅಂಥ ಭಾಗಗಳು ಎಷ್ಟು ಸಾವಿರ ಬರುತ್ತವೆ. ಐದು ನಿಮಿಷದಲ್ಲಿ ಒಪ್ಪಿಕೊಂಡರು. ಮೊದಲೆರಡು ಸಲವೂ ನಾನು ಹೇಳಿದ್ದು ಸರಿಯೇ ಇತ್ತು, ಆದರೆ ಅವರಿಗೆ ಅರ್ಥವಾಗುವ ಅಳತೆಯಲ್ಲಿ ಹೇಳಿರಲಿಲ್ಲ.

ಈಗ ನಮ್ಮ ತಂಡದಲ್ಲಿ ಡಿಸೈನ್ ರಿವ್ಯೂಗೆ ಬರುವಾಗ ಸರ್ಕ್ಯೂಟಿಗಿಂತ ಮೊದಲು ಒಂದು ಹಾಳೆ ತರಬೇಕು. ಇದನ್ನು ಯಾರು ಬಳಸುತ್ತಾರೆ? ಇದು ಇಲ್ಲದೆ ಅವರು ಈಗ ಏನು ಮಾಡುತ್ತಿದ್ದಾರೆ? ಅವರಲ್ಲಿ ಯಾರ ಜೊತೆ ಮಾತಾಡಿದ್ದೀರಿ? ನಮ್ಮ ಊಹೆ ತಪ್ಪು ಅಂತ ತಿಳಿಯಲು ಎಲ್ಲಕ್ಕಿಂತ ಅಗ್ಗದ ದಾರಿ ಯಾವುದು? ಹೊಸಬರು ಮೊದಲು ಗೊಣಗುತ್ತಾರೆ. ಮೂರನೇ ಪ್ರಶ್ನೆಯ ಜಾಗ ಎಷ್ಟೋ ಸಲ ಖಾಲಿ ಇರುತ್ತದೆ. ಆ ದಿನ ರಿವ್ಯೂ ಹತ್ತು ನಿಮಿಷಕ್ಕೇ ಮುಗಿಯುತ್ತದೆ, ಉಳಿದ ಹೊತ್ತಿನಲ್ಲಿ ಅವರು ಬಳಸುವವರಿಗೆ ಫೋನ್ ಮಾಡುತ್ತಾ ಕೂರುತ್ತಾರೆ.