ಭತ್ತದ ಬೇರಿನ ತುಕ್ಕು ಮತ್ತು ಪಾದರಸ

ಶಹಾಪುರ, ಸುರಪುರದ ಕಡೆ ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹಾಯುವ ಯಾವುದಾದರೂ ಗದ್ದೆಗೆ ಇಳಿದು, ನಾಟಿಯಾಗಿ ಒಂದೂವರೆ ತಿಂಗಳಾದ ಭತ್ತದ ಬುಡವೊಂದನ್ನು ಕಿತ್ತು ಮೆಲ್ಲಗೆ ತೊಳೆದು ನೋಡಿ. ಎಳೆ ಬೇರಿನ ತುದಿ ಬೆಳ್ಳಗಿರುತ್ತದೆ, ಬಲಿತ ಬೇರಿಗೆ ಇಟ್ಟಂಗಿ ಬಣ್ಣದ ಲೇಪವಿರುತ್ತದೆ. ಅದು ಕಬ್ಬಿಣದ ತುಕ್ಕು.

ನಿಂತ ನೀರಿನಡಿಯ ಕೆಸರಿನಲ್ಲಿ ಆಮ್ಲಜನಕ ಇರುವುದಿಲ್ಲ. ಅದಕ್ಕೆ ಭತ್ತವು ಎಲೆ, ಕಾಂಡದೊಳಗಿನ ಟೊಳ್ಳು ದಾರಿಗಳಿಂದ ಬೇರಿಗೆ ಗಾಳಿ ಇಳಿಸುತ್ತದೆ. ಅದರಲ್ಲಿ ಒಂದಿಷ್ಟು ಹೊರಗೆ ಸೋರಿದಾಗ ಸುತ್ತ ಕರಗಿದ್ದ ಕಬ್ಬಿಣ ತುಕ್ಕಾಗಿ ಬೇರಿಗೇ ಅಂಟುತ್ತದೆ. ಕಲ್ಲಿದ್ದಲ ಹೊಗೆಯಿಂದಲೋ ಗಣಿಯ ತ್ಯಾಜ್ಯದಿಂದಲೋ ಮಣ್ಣು ಸೇರಿದ ಪಾದರಸವನ್ನು ಈ ತುಕ್ಕು ಹಿಡಿದಿಡುತ್ತದೆ. ಅದನ್ನೂ ದಾಟಿ ಬಂದದ್ದನ್ನು ಬೇರಿನೊಳಗಿನ ಗಂಧಕಯುಕ್ತ ಅಣುಗಳು ಅಲ್ಲೇ ಕಟ್ಟಿಹಾಕುತ್ತವೆ.

ಕಷ್ಟ ಇರುವುದು ಮಿಥೈಲ್ ಪಾದರಸದ್ದು. ಆಮ್ಲಜನಕವಿಲ್ಲದ ಕೆಸರಿನ ಕೆಲವು ಸೂಕ್ಷ್ಮಜೀವಿಗಳು ಸಾದಾ ಪಾದರಸವನ್ನು ಈ ನರವಿಷವಾಗಿ ಮಾರ್ಪಡಿಸುತ್ತವೆ. ಈ ಕೆಲಸಕ್ಕೆ ಬೇಕಾದ ಎರಡು ಜೀನುಗಳು ಗೊತ್ತಾದದ್ದು 2013ರಲ್ಲಿ. ಬೇರು ಸ್ರವಿಸುವ ಸಕ್ಕರೆ, ಆಮ್ಲಗಳೇ ಈ ಜೀವಿಗಳಿಗೆ ಮೇವು. ಮಣ್ಣಿನ ಒಟ್ಟು ಪಾದರಸದಲ್ಲಿ ಮಿಥೈಲ್ ರೂಪ ಸಾಮಾನ್ಯವಾಗಿ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಆದರೂ ಬೇರಿನ ತಡೆಗಳನ್ನು ಸುಲಭವಾಗಿ ದಾಟಿ ಕಾಂಡ, ಎಲೆಗಳಲ್ಲಿ ಕೂಡಿಕೊಂಡು, ಕಾಳು ಕಟ್ಟುವಾಗ ತೆನೆಗೆ ಹೋಗುವುದು ಅದೇ. ಸಾದಾ ಪಾದರಸ ಹೆಚ್ಚಾಗಿ ತೌಡಿನಲ್ಲಿ ಉಳಿಯುತ್ತದೆ, ಮಿಥೈಲ್ ಪಾದರಸ ಅಕ್ಕಿಯ ಒಳಗೇ ಸೇರಿರುತ್ತದೆ. ಹಾಗಾಗಿ ಮಿಲ್ಲಿನ ಪಾಲಿಶ್‌ನಿಂದ ಅದು ಹೋಗದು. ಚೀನಾದ ವಾನ್‌ಶಾನ್ ಪಾದರಸ ಗಣಿಯ ಸುತ್ತಲಿನ ಜನರಿಗೆ ಈ ವಿಷ ಮೀನಿಗಿಂತ ಹೆಚ್ಚಾಗಿ ಅನ್ನದಿಂದಲೇ ಬಂದಿದೆ.

ಹತ್ತಿರದಲ್ಲಿ ಪಾದರಸದ ಮೂಲವೇನಾದರೂ ಇದ್ದರೆ ಮಣ್ಣು, ಅಕ್ಕಿ ಎರಡನ್ನೂ ಪರೀಕ್ಷೆಗೆ ಕಳಿಸಬೇಕು. ಒಟ್ಟು ಪಾದರಸದ ಅಂಕಿ ಒಂದೇ ಸಾಲದು, ಮಿಥೈಲ್ ಪಾದರಸವನ್ನು ಬೇರೆಯಾಗಿ ಅಳೆಸಿ. ಹಸಿ ಹುಲ್ಲನ್ನು ಕೆಸರಿಗೆ ತುಳಿದು ಮರುವಾರವೇ ನಾಟಿ ಮಾಡಬೇಡಿ, ಕೊಳೆಯುವ ಹುಲ್ಲು ಆ ಸೂಕ್ಷ್ಮಜೀವಿಗಳಿಗೆ ಹಬ್ಬದೂಟ. ಗೊಬ್ಬರವಾಗಿಸಿ ಹಾಕಿ. ಬೇರು ಕರ್ರಗಾಗಿ ಕೊಳೆತ ಮೊಟ್ಟೆಯ ವಾಸನೆ ಹೊಡೆದರೆ ಗಾಳಿ ಸಾಲುತ್ತಿಲ್ಲ ಎಂದರ್ಥ.

ಕೆಸರಿಗೆ ಆಗಾಗ ಗಾಳಿ ಸೇರುವಂತೆ ನೀರನ್ನು ಬಿಟ್ಟು ಬಿಟ್ಟು ಕೊಡುವುದೇ ಮುಖ್ಯ ಉಪಾಯ. 30 ಸೆಂ.ಮೀ. ಉದ್ದದ ಪೈಪಿನ ಕೆಳಭಾಗಕ್ಕೆ ತೂತು ಕೊರೆದು, ಆ ಭಾಗ ಮಣ್ಣೊಳಗಿರುವಂತೆ ಹೂಳಿ, ಒಳಗಿನ ಮಣ್ಣು ತೆಗೆಯಿರಿ. ನಾಟಿಯ ಎರಡು ವಾರದ ನಂತರ, ಪೈಪಿನೊಳಗೆ ನೀರು ನೆಲಮಟ್ಟಕ್ಕಿಂತ 15 ಸೆಂ.ಮೀ. ಕೆಳಗೆ ಇಳಿದಾಗ 5 ಸೆಂ.ಮೀ. ನೀರು ನಿಲ್ಲಿಸಿ. ಹೂ ಬಿಡುವ ಒಂದು ವಾರ ಮೊದಲಿನಿಂದ ಒಂದು ವಾರ ನಂತರದವರೆಗೆ ಮಾತ್ರ ಗದ್ದೆ ಒಣಗಿಸಬಾರದು, ಕಾಳು ಜೊಳ್ಳಾಗುತ್ತದೆ. ಕೊಯ್ಲಿನ ಹೊತ್ತಿಗಷ್ಟೇ ನೀರು ಬಸಿದರೆ ಪ್ರಯೋಜನ ಕಡಿಮೆ, ಅಷ್ಟರಲ್ಲಿ ವಿಷ ಕಾಂಡದಿಂದ ತೆನೆಗೆ ಹೊರಟಿರುತ್ತದೆ. ಎರೆ ಭೂಮಿಯಲ್ಲಿ ಬಿರುಕು ಅಗಲವಾಗಲು ಬಿಟ್ಟರೆ ಮುಂದಿನ ನೀರೆಲ್ಲ ಆಳಕ್ಕೆ ಸೋರುತ್ತದೆ. ಒಂದು ಎಚ್ಚರಿಕೆ: ಗದ್ದೆ ಒಣಗಿದಷ್ಟೂ ಕ್ಯಾಡ್ಮಿಯಂ ಎಂಬ ಇನ್ನೊಂದು ವಿಷಲೋಹ ಬೇರಿಗೆ ಸುಲಭವಾಗಿ ಸಿಗುತ್ತದೆ. ಮಣ್ಣು ಪರೀಕ್ಷೆಗೆ ಕೊಡುವಾಗ ಅದನ್ನೂ ಅಳೆಸಿ.