ಸಂಘದ ಪೆಟ್ಟಿಗೆಯಿಂದ ವಾರದ ಕಂತಿಗೆ: ಹಳ್ಳಿಯ ಸಣ್ಣ ಉದ್ಯಮ ಸಾಲವಾದ ಬಗೆ

2025ರ ಆರಂಭದಲ್ಲಿ ಚಾಮರಾಜನಗರ, ಮೈಸೂರು, ರಾಮನಗರ ಜಿಲ್ಲೆಗಳ ಹಳ್ಳಿಗಳಿಂದ ಒಂದರ ಹಿಂದೊಂದು ಸುದ್ದಿ ಬಂತು: ಕಿರುಸಾಲ (ಮೈಕ್ರೋಫೈನಾನ್ಸ್) ಸಂಸ್ಥೆಗಳ ಕಂತು ಕಟ್ಟಲಾಗದ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಡುತ್ತಿದ್ದವು. ಫೆಬ್ರವರಿ 12ರಂದು ರಾಜ್ಯದ ಕಿರುಸಾಲ ಸುಗ್ರೀವಾಜ್ಞೆ ಹೊರಬಿತ್ತು; ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆವಾಸ, 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿತ್ತು. ಅಂದಿನಿಂದ ನಡೆದ ಚರ್ಚೆಯೆಲ್ಲ ಬಹುಮಟ್ಟಿಗೆ ವಸೂಲಿಯ ರೀತಿಯನ್ನು ಕುರಿತದ್ದು. ಆದರೆ ಇಂಥ ಎಷ್ಟೋ ಸಾಲದ ಅರ್ಜಿಗಳಲ್ಲಿ ಬರೆಯುವ ಕಾರಣ ಹಸು, ಹೊಲಿಗೆ ಯಂತ್ರ, ಹಿಟ್ಟಿನ ಗಿರಣಿ, ಪೆಟ್ಟಿಗೆ ಅಂಗಡಿ. ಹಳ್ಳಿಯ ಸಣ್ಣ ಉದ್ಯಮಕ್ಕೆ ಕೈಕೊಡಲೆಂದು ಹುಟ್ಟಿದ ಏರ್ಪಾಡು ಮನೆಗೆ ಬೀಗ ಹಾಕಿಸುವವರೆಗೆ ಹೇಗೆ ಬಂತೆಂಬುದನ್ನು ವಸೂಲಿಯವರ ಬಾಯಿಮಾತಿನಲ್ಲಿ ಹುಡುಕಿದರೆ ಸಿಕ್ಕದು. ಅದಕ್ಕೆ ಬಹಳ ಹಿಂದಕ್ಕೆ ಹೋಗಬೇಕು.

1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು. 1925ರಲ್ಲಿ ಕೈಮಗ್ಗದ ನೇಕಾರರ ಕಷ್ಟ ನೋಡಿ ಉಡುಪಿಯಲ್ಲಿ ಆರಂಭವಾದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಸಂಗ್ರಹಿಸುವ ಪಿಗ್ಮಿ ಠೇವಣಿ ತಂದಿತು. 1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು, 1975ರಲ್ಲಿ ಗ್ರಾಮೀಣ ಬ್ಯಾಂಕುಗಳು ಬಂದವು. ಇಷ್ಟಾದರೂ ಹೆಸರಿನಲ್ಲಿ ಪಹಣಿ ಇಲ್ಲದ, ಜಾಮೀನಿಗೆ ಜನ ಸಿಗದ ಹೆಂಗಸಿಗೆ ಬ್ಯಾಂಕಿನ ಮೆಟ್ಟಿಲು ಎತ್ತರದ್ದಾಗಿಯೇ ಉಳಿಯಿತು.

1980ರ ಹೊತ್ತಿಗೆ ದೇಶದ ಎಲ್ಲ ತಾಲ್ಲೂಕುಗಳಿಗೂ ಹಬ್ಬಿದ ಸಮಗ್ರ ಗ್ರಾಮೀಣಾಭಿವೃದ್ಧಿ ಕಾರ್ಯಕ್ರಮ ಸಾಲದ ಜೊತೆಗೆ ಸಬ್ಸಿಡಿಯನ್ನೂ ಹಳ್ಳಿಗೆ ತಂದಿತು. ಎಮ್ಮೆ ಬಂತು, ಆದರೆ ಮೇವಿನ ವ್ಯವಸ್ಥೆ, ಪಶುವೈದ್ಯ, ಹಾಲು ಕೊಳ್ಳುವ ಡೇರಿ ಎಲ್ಲ ಕಡೆಯೂ ಅದರ ಜೊತೆಗೆ ಬರಲಿಲ್ಲ. ಡೇರಿ ಇದ್ದ ಊರುಗಳಲ್ಲಿ ಅದೇ ಎಮ್ಮೆ ಮನೆ ನಡೆಸಿತೆಂಬುದನ್ನು ಇಲ್ಲಿಯೇ ಹೇಳಬೇಕು, ಏಕೆಂದರೆ ಮುಂದಿನ ನಾಲ್ಕು ದಶಕಗಳಲ್ಲಿ ಎಲ್ಲರೂ ಮರೆತದ್ದು ಈ ವ್ಯತ್ಯಾಸವನ್ನೇ.

ಇದೇ ಕಾಲದಲ್ಲಿ, 1982ರಲ್ಲಿ, ದಕ್ಷಿಣ ಕನ್ನಡದ ಉಜಿರೆಯಲ್ಲಿ ಬೇರೊಂದು ದಾರಿ ತೆರೆಯಿತು. ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಧರ್ಮಸ್ಥಳದ ಶಿಕ್ಷಣ ಸಂಸ್ಥೆ, ಕೆನರಾ ಬ್ಯಾಂಕ್ ಮತ್ತು ಸಿಂಡಿಕೇಟ್ ಬ್ಯಾಂಕ್ ಸೇರಿ ಕಟ್ಟಿದ ರುಡ್‌ಸೆಟ್ ಸಂಸ್ಥೆ ನಿರುದ್ಯೋಗಿ ಯುವಜನರನ್ನು ಕೆಲವು ವಾರ ಅಲ್ಲೇ ಉಳಿಸಿಕೊಂಡು, ಊಟ ವಸತಿ ಕೊಟ್ಟು, ಉಚಿತವಾಗಿ ಕಸುಬು ಕಲಿಸಿತು. ತರಬೇತಿ ಮುಗಿದ ಮೇಲೂ ಬೆನ್ನಿಗಿದ್ದು ವಿಚಾರಿಸಿಕೊಳ್ಳುವ ಪದ್ಧತಿ ಇಟ್ಟುಕೊಂಡಿತು. ಸಾಲ ಅಲ್ಲಿ ಮೊದಲ ಹೆಜ್ಜೆಯಾಗಿರಲಿಲ್ಲ. 2009ರಲ್ಲಿ ಕೇಂದ್ರ ಸರ್ಕಾರ ಇದೇ ಮಾದರಿಯನ್ನು ಹಿಡಿದು ಜಿಲ್ಲೆಗೊಂದು ತರಬೇತಿ ಸಂಸ್ಥೆ ಸ್ಥಾಪಿಸಲು ಮುಂದಾಯಿತು.

ಆದರೆ ಹಳ್ಳಿಯ ಹೆಂಗಸರ ದುಡ್ಡಿನ ಲೆಕ್ಕಾಚಾರವನ್ನೇ ಬದಲಿಸಿದ್ದು ಸಂಘ. ಇಂದು ಸ್ವಸಹಾಯ ಸಂಘ ಎಂದರೆ ಸರ್ಕಾರದ ಯಾವುದೋ ಯೋಜನೆ ಎಂದು ಹೊಸ ತಲೆಮಾರಿನವರು ತಿಳಿದಿದ್ದಾರೆ. ಅದು ಹುಟ್ಟಿದ್ದು ಒಂದು ಸಹಕಾರಿ ಪ್ರಯತ್ನ ಮುರಿದುಬಿದ್ದ ಜಾಗದಲ್ಲಿ. ಟಿಬೆಟನ್ ನಿರಾಶ್ರಿತರ ಪುನರ್ವಸತಿಗಾಗಿ 1968ರಲ್ಲಿ ಸ್ಥಾಪನೆಯಾಗಿದ್ದ ಮೈರಾಡ ಸಂಸ್ಥೆ ನಂತರ ಹಳ್ಳಿಗಳ ಕೆಲಸಕ್ಕೆ ತಿರುಗಿ, ದೊಡ್ಡ ಸಹಕಾರ ಸಂಘಗಳನ್ನು ಕಟ್ಟಿಸಿತ್ತು. 1984-85ರ ಸುಮಾರಿಗೆ ಅವುಗಳಲ್ಲಿ ಕೆಲವು ಒಡೆದವು. ಒಡೆದ ಮೇಲೆ ಸದಸ್ಯರು ಹತ್ತು, ಹದಿನೈದು ಜನರ ಚಿಕ್ಕ ಚಿಕ್ಕ ಗುಂಪುಗಳಾಗಿ ಬಂದು, ಸಾಲವನ್ನು ನಾವು ತೀರಿಸುತ್ತೇವೆ, ಆದರೆ ದೊಡ್ಡ ಸಂಘಕ್ಕಲ್ಲ, ನಮ್ಮ ಈ ಗುಂಪಿಗೆ ಎಂದರು. ಅವರನ್ನು ಸೇರಿಸಿದ್ದು ಅಧಿಕಾರಿಯ ಪಟ್ಟಿಯಲ್ಲ. ಒಬ್ಬರ ಮೇಲೊಬ್ಬರಿಗಿದ್ದ ನಂಬಿಕೆ. ಆಗ ಸಂಸ್ಥೆಯ ಮುಖ್ಯಸ್ಥರಾಗಿದ್ದ ಅಲೋಶಿಯಸ್ ಫರ್ನಾಂಡಿಸ್ ಮತ್ತು ಅವರ ಜೊತೆಗಾರರು ಆ ನಂಬಿಕೆಯನ್ನೇ ಅಡಿಪಾಯ ಮಾಡಿಕೊಂಡರು. 1987ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ ಇದಕ್ಕಾಗಿ 10 ಲಕ್ಷ ರೂಪಾಯಿ ಅನುದಾನ ಕೊಟ್ಟಿತು.

ಆ ಕಾಲದ ಸಂಘದ ಸಭೆಯಲ್ಲಿ ಕೂತು ನೋಡಿದವರಿಗೆ ಅದು ಸುಲಭವಾಗಿ ಮರೆಯುವಂಥದ್ದಲ್ಲ. ವಾರಕ್ಕೊಮ್ಮೆ, ಗುಡಿಯ ಜಗಲಿಯಲ್ಲೋ ಶಾಲೆಯ ಪಡಸಾಲೆಯಲ್ಲೋ ಚಾಪೆ ಹಾಸಿ ಕೂರುತ್ತಿದ್ದರು. ಒಂದೋ ಎರಡೋ ರೂಪಾಯಿಯ ಉಳಿತಾಯ ಒಂದು ತಗಡಿನ ಪೆಟ್ಟಿಗೆಗೆ ಬೀಳುತ್ತಿತ್ತು. ಪೆಟ್ಟಿಗೆ ಒಬ್ಬರ ಮನೆಯಲ್ಲಿದ್ದರೆ ಕೀಲಿ ಇನ್ನೊಬ್ಬರ ಮನೆಯಲ್ಲಿ. ಪುಸ್ತಕ ಬರೆಯಲು ಹತ್ತನೇ ತರಗತಿ ಓದಿದ ಹುಡುಗಿಯನ್ನು ಕೂರಿಸಿಕೊಳ್ಳುತ್ತಿದ್ದರು. ಯಾರಿಗೆ ಮೊದಲು ಸಾಲ, ಎಷ್ಟು, ಯಾತಕ್ಕೆ, ಬಡ್ಡಿ ಎಷ್ಟು, ಕಂತು ಯಾವಾಗಿನಿಂದ ಎಂಬುದೆಲ್ಲ ಆ ಚಾಪೆಯ ಮೇಲೆಯೇ ತೀರ್ಮಾನವಾಗಿ ಠರಾವು ಪುಸ್ತಕಕ್ಕೆ ಏರುತ್ತಿತ್ತು. ಕುರಿಮರಿ ತರುವವಳಿಗೆ ಮರಿ ಬೆಳೆದು ಸಂತೆಗೆ ಹೋಗುವ ತನಕ ಕಂತು ಮುಂದೂಡುತ್ತಿದ್ದರು. ಮಗುವಿಗೆ ಜ್ವರವೆಂದು ಕೇಳಿದವಳಿಗೆ ಆ ಹೊತ್ತಿಗೇ ಕೊಡುತ್ತಿದ್ದರು. ಇವಳು ನಡೆಸಬಲ್ಲಳೇ, ಈ ಊರಿನಲ್ಲಿ ಮೂರನೆಯ ಬಳೆ ಅಂಗಡಿಗೆ ಗಿರಾಕಿ ಸಿಗುವರೇ ಎಂಬ ವಿಚಾರಣೆ ಯಾವ ಬ್ಯಾಂಕಿನ ಯೋಜನಾ ವರದಿಗಿಂತಲೂ ಕಟ್ಟುನಿಟ್ಟಾಗಿ ನಡೆಯುತ್ತಿತ್ತು. ಉದ್ಯಮಶೀಲತೆ ಎಂಬ ಮಾತು ಅಲ್ಲಿ ಯಾರ ಬಾಯಲ್ಲೂ ಇರಲಿಲ್ಲ, ಆದರೆ ಅದರ ಶಾಲೆ ಅದೇ ಆಗಿತ್ತು.

1992ರಲ್ಲಿ ನಬಾರ್ಡ್ 500 ಸಂಘಗಳ ಗುರಿಯಿಟ್ಟು ಸಂಘ ಮತ್ತು ಬ್ಯಾಂಕಿನ ಜೋಡಣೆಯನ್ನು ಪ್ರಾಯೋಗಿಕವಾಗಿ ಆರಂಭಿಸಿದಾಗ ಈ ತಿಳಿವಳಿಕೆಯನ್ನು ಹಾಗೆಯೇ ಉಳಿಸಿಕೊಂಡಿತ್ತು. ನೋಂದಣಿ ಇಲ್ಲದ ಗುಂಪಿಗೆ, ಜಾಮೀನಿಲ್ಲದೆ, ಅದರ ಉಳಿತಾಯದಷ್ಟರಿಂದ ಹಿಡಿದು ನಾಲ್ಕು ಪಟ್ಟಿನವರೆಗೆ ಬ್ಯಾಂಕು ಸಾಲ ಕೊಡಬಹುದು. ಯಾರಿಗೆ, ಯಾತಕ್ಕೆ ಎಂಬ ತೀರ್ಮಾನ ಗುಂಪಿನದೇ. ಉಳಿತಾಯ ಮೊದಲು, ಸಾಲ ಆಮೇಲೆ ಎಂಬ ಈ ಕ್ರಮದಲ್ಲಿ ಇಡೀ ಪದ್ಧತಿಯ ಜೀವ ಇತ್ತೆಂದು ಹೇಳಿದರೆ ಅತಿಯಾಗದು.

ಯಶಸ್ಸು ಕಂಡ ಮೇಲೆ ಗುರಿ ಬಂತು. 1999ರಲ್ಲಿ ಸ್ವರ್ಣಜಯಂತಿ ಗ್ರಾಮ ಸ್ವರೋಜ್‌ಗಾರ್ ಯೋಜನೆ ಸಂಘಗಳಿಗೆ 1.25 ಲಕ್ಷ ರೂಪಾಯಿವರೆಗೆ ಸಬ್ಸಿಡಿ ಇಟ್ಟಿತು. 2000-01ರಲ್ಲಿ ರಾಜ್ಯದ ಸ್ತ್ರೀಶಕ್ತಿ ಯೋಜನೆ ಅಂಗನವಾಡಿಗಳ ಮೂಲಕ ಊರೂರಿಗೆ ಸಂಘ ಕಟ್ಟಿಸಿತು. 2011ರಲ್ಲಿ ರಾಷ್ಟ್ರೀಯ ಜೀವನೋಪಾಯ ಅಭಿಯಾನ ಬಂದು, ನಮ್ಮಲ್ಲಿ ಸಂಜೀವಿನಿ ಎಂಬ ಹೆಸರು ಪಡೆಯಿತು. ಲಕ್ಷಾಂತರ ಹೆಂಗಸರು ಮೊದಲ ಬಾರಿಗೆ ಬ್ಯಾಂಕ್ ಖಾತೆ ಕಂಡದ್ದು ಈ ಯೋಜನೆಗಳಿಂದ, ಅದನ್ನು ಕಡೆಗಣಿಸಲಾಗದು. ಆದರೆ ಸಬ್ಸಿಡಿ ಬರುತ್ತದೆಂದು ಕೂಡಿದ ಗುಂಪು ಹಂಚಿಕೆಯಾದ ಮರುವರ್ಷ ಕರಗಿಹೋಗುವುದನ್ನೂ ಅನೇಕ ಊರುಗಳು ಕಂಡವು. ಒಬ್ಬಳೇ ಹೆಂಗಸು ಎರಡು ಮೂರು ಸಂಘಗಳ ಪುಸ್ತಕದಲ್ಲಿರುವುದು ಸಾಮಾನ್ಯವಾಯಿತು. ನಂಬಿಕೆಯಿಂದ ಕೂಡಿದ ಗುಂಪಿಗೂ ಪಟ್ಟಿಯಿಂದ ಕೂಡಿಸಿದ ಗುಂಪಿಗೂ ಇರುವ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಕಾಲಂ ಯಾವ ನಮೂನೆಯಲ್ಲೂ ಇರಲಿಲ್ಲ.

ಇದೇ ಗುಂಪುಗಳ ನೆರಳಿನಲ್ಲಿ ಇನ್ನೊಂದು ಬಗೆಯ ಗುಂಪು ಬೆಳೆಯಿತು. ಬಾಂಗ್ಲಾದೇಶದ ಮಾದರಿಯನ್ನು ಅನುಸರಿಸಿ, ಮೊದಲಿಗೆ ಸೇವಾಸಂಸ್ಥೆಗಳಾಗಿ ಆರಂಭವಾದ ಕಿರುಸಾಲ ಸಂಸ್ಥೆಗಳು 2000ದ ದಶಕದಲ್ಲಿ ಕಂಪನಿಗಳಾದವು. ಹೊರಗಿನಿಂದ ನೋಡಿದರೆ ಎರಡೂ ಒಂದೇ: ಹೆಂಗಸರು ಕೂಡುತ್ತಾರೆ, ಒಬ್ಬರಿಗೊಬ್ಬರು ಹೊಣೆಯಾಗುತ್ತಾರೆ. ಒಳಗೆ ಮಾತ್ರ ಎಲ್ಲವೂ ತಿರುಗುಮುರುಗು. ಇಲ್ಲಿ ಪೆಟ್ಟಿಗೆ ಇಲ್ಲ, ಠರಾವು ಪುಸ್ತಕ ಇಲ್ಲ. ದುಡ್ಡು ಹೊರಗಿನದು, ಬಡ್ಡಿ ಮತ್ತು ಕಂತು ಹೊರಗೆ ಗೊತ್ತಾದದ್ದು, ಗುಂಪಿನ ಪಾಲಿಗೆ ಉಳಿದದ್ದು ಹೊಣೆಯೊಂದೇ. ಹಸು ಹಾಲು ಕೊಡಲಿ ಬಿಡಲಿ, ಸಾಲ ಕೈಗೆ ಬಂದ ಕೆಲವೇ ದಿನಗಳಲ್ಲಿ ಕಂತು ಶುರು. ಹೀಗಾಗಿ ಈ ಸಾಲದಿಂದ ನಡೆಯಬಲ್ಲದ್ದು ದಿನದಿನವೂ ಕಾಸು ಕಾಣುವ ತರಕಾರಿ ಮಾರಾಟದಂಥ ವ್ಯಾಪಾರ ಮಾತ್ರ. ಕರು ಸಾಕುವುದು, ಮಗ್ಗ ಹೂಡುವುದು, ಕುಲುಮೆ ಹಾಕುವುದು ಇವೆಲ್ಲ ಕಾಯಬೇಕಾದ ಕಸುಬುಗಳು.

ಎಚ್ಚರಿಕೆ ಬೇಗನೆ ಬಂತು, ಅದೂ ನಮ್ಮ ನೆಲದಿಂದಲೇ. 2009ರಲ್ಲಿ ರೇಷ್ಮೆ ನೂಲು ಬಿಚ್ಚುವವರೂ ಬೀಡಿ ಕಟ್ಟುವವರೂ ಹೆಚ್ಚಾಗಿರುವ ಕೋಲಾರ, ರಾಮನಗರ, ಶಿಡ್ಲಘಟ್ಟ ಮತ್ತು ಮೈಸೂರಿನ ಕೆಲವು ಬಡಾವಣೆಗಳಲ್ಲಿ ಸಾಲಗಾರರು ಒಟ್ಟಾಗಿ ಕಂತು ನಿಲ್ಲಿಸಿದರು. ಮರುವರ್ಷ ಅಕ್ಟೋಬರಿನಲ್ಲಿ ಆಂಧ್ರಪ್ರದೇಶ ಸುಗ್ರೀವಾಜ್ಞೆ ತಂದು ಅಲ್ಲಿನ ವ್ಯವಹಾರವನ್ನೇ ಸ್ಥಗಿತಗೊಳಿಸಿತು. ಕಿರುಸಾಲದ ಸಮಸ್ಯೆಯನ್ನು ಪರಿಶೀಲಿಸಲು ತಾನೇ ನೇಮಿಸಿದ್ದ ಮಾಲೇಗಾಂ ಸಮಿತಿಯ ವರದಿಯ ನಂತರ ರಿಸರ್ವ್ ಬ್ಯಾಂಕು 2011ರಲ್ಲಿ ಈ ಸಂಸ್ಥೆಗಳಿಗೆ ಪ್ರತ್ಯೇಕ ನಿಯಮ ಮಾಡಿತು. ಅದರಲ್ಲಿದ್ದ ಒಂದು ಅಂಶ ಈ ಲೇಖನದ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ: ಕೊಟ್ಟ ಸಾಲದಲ್ಲಿ ಶೇ 75ರಷ್ಟಾದರೂ ಆದಾಯ ತರುವ ಕೆಲಸಕ್ಕೆ ಹೋಗಿರಬೇಕು. 2015ರ ಹೊತ್ತಿಗೆ ಅದು ಶೇ 50ಕ್ಕೆ ಇಳಿಯಿತು. 2022ರ ಮಾರ್ಚಿನಲ್ಲಿ ಹೊರಟ ಹೊಸ ನಿರ್ದೇಶನಗಳು ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಮನೆಗೆ ಜಾಮೀನಿಲ್ಲದೆ ಕೊಡುವ ಸಾಲವೆಲ್ಲ, ಉದ್ದೇಶ ಯಾವುದೇ ಇರಲಿ, ಕಿರುಸಾಲವೇ ಎಂದವು. ಬಡ್ಡಿಯ ಮಿತಿ ತೆಗೆದು, ಎಲ್ಲ ಕಂತುಗಳು ಸೇರಿ ಮನೆಯ ತಿಂಗಳ ಆದಾಯದ ಅರ್ಧವನ್ನು ಮೀರಬಾರದೆಂದು ಹೇಳಿದವು.

ಈ ಬದಲಾವಣೆಗೆ ಸಮರ್ಥನೆ ಇಲ್ಲದಿಲ್ಲ. ಬಡವರ ಮನೆಯಲ್ಲಿ ಅಂಗಡಿಯ ದುಡ್ಡು, ಆಸ್ಪತ್ರೆಯ ದುಡ್ಡು ಎಂದು ಬೇರೆ ಬೇರೆ ಡಬ್ಬಿಗಳಿರುವುದಿಲ್ಲ. ಸಂಘದ ಹೆಂಗಸರು ಅದನ್ನು ಮೊದಲೇ ಅರಿತಿದ್ದರು. ಆದರೆ ಚಾಪೆಯ ಮೇಲೆ ಆ ದುಡ್ಡು ಯಾತಕ್ಕೆ ಎಂದು ಕೇಳುವವರಿದ್ದರು, ಕೇಳಿ ಕಂತನ್ನು ಅದಕ್ಕೆ ತಕ್ಕಂತೆ ಹೊಂದಿಸುತ್ತಿದ್ದರು. ಕೇಳುವವರೇ ಇಲ್ಲದ ಕಡೆ ಹಳೆಯ ಸಾಲದ ಕಂತಿಗೆ ಹೊಸ ಸಾಲ ಎತ್ತುವುದು ತಾನಾಗಿ ಮೊದಲಾಯಿತು, ಅದೂ ಸಿಗದಾದಾಗ ಮೀಟರ್ ಬಡ್ಡಿಯವರ ಬಾಗಿಲು. 2025ರ ಕಾನೂನು ಮುಖ್ಯವಾಗಿ ನೋಂದಣಿಯಿಲ್ಲದೆ ಸಾಲ ಕೊಡುವ ಸಂಸ್ಥೆಗಳತ್ತ ನೋಡುತ್ತದೆ. ಕಿರುಕುಳಕ್ಕೆ ತಡೆ ಬೇಕಿತ್ತು, ಅದು ಬಂದದ್ದು ಒಳ್ಳೆಯದೇ. ಕಂತಿಗೂ ಕಸುಬಿಗೂ ನಡುವೆ ಹರಿದುಹೋದ ನಂಟಿನ ಮಾತು ಅದರಲ್ಲಿಲ್ಲ.

ನಂಟು ಜೋಡಿಸುವ ಕೆಲಸಗಳು ಇಲ್ಲವೆಂದಲ್ಲ. 2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಕೇಂದ್ರದ ಶೇ 35ಕ್ಕೆ ಕರ್ನಾಟಕ ಶೇ 15 ಸೇರಿಸಿ ಯಂತ್ರದ ಅರ್ಧ ಬೆಲೆಯ ಭಾರ ಹೊರುತ್ತದೆ. ವರ್ಷಕ್ಕೆ 12 ಲಕ್ಷ ರೂಪಾಯಿಗಿಂತ ಕಡಿಮೆ ವಹಿವಾಟಿನವರು 100 ರೂಪಾಯಿ ಕಟ್ಟಿ ಆಹಾರ ಸುರಕ್ಷತೆಯ ನೋಂದಣಿ ಪಡೆಯಬಹುದು. ಸಣ್ಣ ಉದ್ಯಮಗಳಿಗಾಗಿ ಸರ್ಕಾರ ನಡೆಸುವ ಉದ್ಯಮ್ ನೋಂದಣಿ ಉಚಿತ. ಸಂಜೀವಿನಿಯ ಪಂಚಾಯಿತಿ ಮಟ್ಟದ ಒಕ್ಕೂಟಗಳು ಅಲ್ಲಲ್ಲಿ ಒಟ್ಟಾಗಿ ಕೊಂಡು ಒಟ್ಟಾಗಿ ಮಾರುವುದನ್ನು ಕಲಿಯುತ್ತಿವೆ. ಉತ್ತರ ಕರ್ನಾಟಕದಲ್ಲಿ ಖಡಕ್ ರೊಟ್ಟಿ ಬಡಿಯುವ ಹೆಂಗಸರನ್ನು ಕೇಳಿದರೆ ಅವರು ಮೊದಲು ಹೇಳುವುದು ಸಾಲದ ಮಾತಲ್ಲ. ಸುಗ್ಗಿಯಲ್ಲಿ ಜೋಳ ಅಗ್ಗವಿದ್ದಾಗ ತುಂಬಿಡಲು ಜಾಗ ಬೇಕು, ಮುರಿಯದಂತೆ ಊರಾಚೆ ಕಳಿಸಲು ಡಬ್ಬಿ ಬೇಕು, ಮಾರಿದ್ದಕ್ಕೆ ದುಡ್ಡು ಬೇಗ ಬರಬೇಕು. ನೋಂದಣಿಯಾದ ಸಣ್ಣ ಉದ್ಯಮಗಳಿಗೆ ಕೊಂಡವರು ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಕಾನೂನು ಹೇಳುತ್ತದೆ. ಆ ಕಾನೂನು ಚಾಚೂ ತಪ್ಪದೆ ನಡೆದರೂ, ಇಂದು ರೊಟ್ಟಿ ಕಳಿಸಿದವಳು ದುಡ್ಡು ಕಾಣುವ ಹೊತ್ತಿಗೆ ಆರು ವಾರದ ಕಂತು ಕಟ್ಟಿರಬೇಕಾಗುತ್ತದೆ.